ಬುಡೇನ್ ಸಾಬರ ಮಲಗಿದ ಉಕ್ಕು

ಬುಡೇನ್ ಸಾಬರು ಉಕ್ಕನ್ನು ಕೊಯ್ಯುವ ಮೊದಲು ಮಲಗಿಸುತ್ತಿದ್ದರು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ನಮ್ಮ ಬೂದಿಗುಂಡಿಯಲ್ಲಿ ಹೂತು, ಮೇಲೆ ಇನ್ನಷ್ಟು ಬೂದಿ ಎಳೆದು ಹೊದಿಸುತ್ತಿದ್ದರು. ನಿಧಾನವಾಗಿ ಆರಿದರೆ ಮಾತ್ರ ಅದು ಗರಗಸಕ್ಕೆ ಮೆತ್ತಗಾಗುತ್ತಿತ್ತು.

“ಮಲಗವ್ನೆ, ಸುಮ್ಕಿರಿ. ಅರ್ಧ ನಿದ್ದೇಲಿ ಎಬ್ಬಿಸಿದ್ರೆ ಗರಗಸದ ಹಲ್ಲು ಉದುರಿಸ್ತಾನೆ.”

ಬೇರೆಯವರು ಬಿಸಿಯಲ್ಲೇ ಉಳಿಯಿಟ್ಟು ಕತ್ತರಿಸುತ್ತಿದ್ದರು. ಸಾಬರಿಗೆ ಅದು ಸೇರದು. ಏಟಿಗೆ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ ಎನ್ನುತ್ತಿದ್ದರು.

ಯುದ್ಧ ನಡೆಯುತ್ತಿದ್ದ ವರ್ಷಗಳು. ದೇವನಹಳ್ಳಿ ಕಡೆಯ ನಮ್ಮೂರಿಗೆ ಅವರು ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಬಂದು, ನಮ್ಮ ಹೊಂಗೆಮರದ ಕೆಳಗೆ ಕುಲುಮೆ ಹೂಡುತ್ತಿದ್ದರು. ತಲೆಯ ಮೇಲೆ ಹಸಿರು ಟೋಪಿ ಇರುತ್ತಿತ್ತು ಎಂದು ನನ್ನ ನೆನಪು. ಅತ್ತೆ ಕೊನೆಯವರೆಗೂ ಅದನ್ನು ಟವೆಲ್ಲು ಎಂದೇ ಹೇಳಿದರು. ನಮ್ಮಿಬ್ಬರಲ್ಲಿ ಒಬ್ಬರಿಗೆ ಬೇರೆ ಯಾರೋ ನೆನಪಿದ್ದಾರೆ.

ನಾನು ಆ ಮನೆಗೆ ಬಂದ ಮೊದಲ ವರ್ಷ ರೇಷ್ಮೆಹುಳುವನ್ನು ಅತ್ತೆ ನನ್ನ ಕೈಗೆ ಒಪ್ಪಿಸಿದರು. ಹುಳು ಮೊಟ್ಟೆಯೊಡೆದು ಎರಡನೆಯ ದಿನಕ್ಕೆ ಸೊಪ್ಪು ಕೊಚ್ಚುವ ಕತ್ತಿ ಮುರಿಯಿತು. ಎಳೆಯ ಹುಳುವಿಗೆ ಎಲೆಯನ್ನು ರವೆಯಂತೆ ಸಣ್ಣಗೆ ಕೊಚ್ಚಬೇಕು. ಹುಳು ಸಾಕುವ ಮನೆಯವರು ತಮ್ಮ ಕತ್ತಿಯನ್ನು ಹೊರಗೆ ಕೊಡುವುದಿಲ್ಲ, ರೋಗ ಅಂಟುತ್ತದೆಂಬ ಭಯ. ಬೆಳಿಗ್ಗೆ ಉಗುರಿನಲ್ಲೇ ಎಲೆ ಹರಿದು ಹಾಕಿದೆ. ಹುಳುಗಳು ಅದರ ಅಂಚನ್ನೂ ಮುಟ್ಟಲಿಲ್ಲ. ಸಂಜೆಯೊಳಗೆ ಕತ್ತಿ ಬಾರದಿದ್ದರೆ ನನ್ನ ಮೊದಲ ಬೆಳೆ ಮುಗಿದಂತೆಯೇ.

ಪುಣ್ಯಕ್ಕೆ ಅಂದು ಸಾಬರು ಹೊಂಗೆಮರದ ಕೆಳಗೇ ಇದ್ದರು, ಹೊಸ ಕತ್ತಿಗೆ ಒಪ್ಪಿದರು. ಅಳತೆಗೆ ಅವರ ಬಳಿ ಗಜಕೋಲು ಇರಲಿಲ್ಲ. “ಸೊಪ್ಪು ಕೊಚ್ಚಮ್ಮ,” ಎಂದರು. ಸೊಪ್ಪಿಲ್ಲ, ಕತ್ತಿಯಿಲ್ಲ, ಅಂಗಳದಲ್ಲಿ ಕೂತು ಬರಿಗೈಯಲ್ಲಿ ಗಾಳಿಯನ್ನು ಕೊಚ್ಚಿದೆ. ಅವರು ಗಂಭೀರವಾಗಿ ನೋಡಿದರು.

“ಭಾಳ ಆತುರದ ಕೈ. ಉದ್ದ ಕೊಟ್ರೆ ಬೆರಳು ತಗೀತದೆ. ಒಂದು ಗೇಣು ಸಾಕು.”

ಪಟ್ಟಿಯ ಮೇಲೆ ಒಂದು ಗೇಣಿಗೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿ ಉಳಿಯಿಂದ ಸಣ್ಣ ಗುರುತು ಕೊಟ್ಟು, ಕಾಯಿಸಿ ಮಲಗಿಸಿದರು.

ಮುಂದಿನದನ್ನು ಎಷ್ಟೋ ವರ್ಷ ನಾನು ಹೀಗೆ ಹೇಳಿದ್ದೇನೆ: ಕೋಳಿಯೊಂದು ಬಂದು ಬೂದಿ ಕೆದಕಿತು. ಹೇಳಿ ಹೇಳಿ ಅದಕ್ಕೆ ಕೆಂಪು ಬಣ್ಣವೂ, ಕುಂಟು ಕಾಲೂ ಬಂದವು. ನಿಜವೆಂದರೆ ಪಾತ್ರೆ ತೊಳೆಯುತ್ತಿದ್ದ ನಾನು ಅಭ್ಯಾಸಬಲದಿಂದ ಒದ್ದೆ ಕೈಯನ್ನೇ ಗುಂಡಿಗೆ ಹಾಕಿ ಮೇಲಿನಿಂದ ಒಂದು ಹಿಡಿ ಬೂದಿ ತೆಗೆದೆ. ನೀರು ಒಳಗಿಳಿದು ಚುಸ್ ಎಂದಿತು. ಗಾಬರಿಯಿಂದ ಬೂದಿ ಮುಚ್ಚಿ, ಚೊಂಬು ಬೆಳಗುತ್ತಾ ಕೂತೆ.

ಮಧ್ಯಾಹ್ನ ಸಾಬರು ಕೊಯ್ಯತೊಡಗಿದರು. ಗರಗಸ ಅರ್ಧದವರೆಗೆ ಸಲೀಸಾಗಿ ಹೋಗಿ, ಕಿರ್ ಎಂದು ನಿಂತಿತು. ಹಲ್ಲುಗಳು ಉದುರಿದ್ದವು. ಅವರ ಬಳಿ ಇದ್ದದ್ದು ಅದೊಂದೇ ಅಲಗು. ಯುದ್ಧದ ಕಾಲದಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ.

“ಇಲ್ಲಿ ಗಾಜಾಗವ್ನೆ,” ಎಂದರು. “ನೀರು ಬಿದ್ದೈತೆ.”

“ಯಾರ್ ಬಂದ್ರೇ ಗುಂಡಿ ಹತ್ರ?” ಅತ್ತೆ ನನ್ನನ್ನು ಕೇಳಿದರು.

“ಕೋಳಿ,” ಎಂದೆ.

“ಇವತ್ತೇ ಸಾರು ಮಾಡ್ತೀನಿ ಅದನ್ನ.”

ಸಾಬರು ಇನ್ನೂ ಬಿಸಿಯಿದ್ದ ಬೂದಿಯನ್ನು ನೋಡಿದರು. ಫಳಫಳ ಹೊಳೆಯುತ್ತಿದ್ದ ಚೊಂಬನ್ನು ನೋಡಿದರು.

“ಕೋಳಿಗೇನೂ ಮಾಡ್ಬೇಡಿ ತಾಯಿ. ಅದ್ರಿಂದ ಉಪಕಾರಾನೇ ಆಯ್ತು, ಇರಿ.”

ಪಟ್ಟಿಯನ್ನು ಕುಲುಮೆಯ ಅಡಿಗಲ್ಲಿನ ಅಂಚಿಗಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಗರಗಸ ನಿಂತಿದ್ದಲ್ಲೇ ಟಣ್ ಎಂದು ತುಂಡಾಯಿತು, ಸರಿಯಾಗಿ ಒಂದು ಗೇಣು.

“ಮೆತ್ತಗಿದ್ದಿದ್ರೆ ಬಾಗ್ಬಿಡ್ತಿದ್ದ. ಗಾಜಾಗಿದ್ದಕ್ಕೆ ಮುರ್ದ,” ಎಂದು ಹೊಟ್ಟೆ ಹಿಡಿದು ನಕ್ಕರು. ಅಲಗು ಹೋದ ದುಃಖ ಆ ನಗುವಿನಲ್ಲಿ ಎಲ್ಲೂ ಇರಲಿಲ್ಲ. ಇತ್ತೇನೋ, ನನಗೆ ಆಗ ಅದನ್ನು ನೋಡುವ ಧೈರ್ಯವಿರಲಿಲ್ಲ.

ಸೂರ್ಯ ಮುಳುಗುವ ಮೊದಲೇ ಹೊಸ ಕತ್ತಿಯಲ್ಲಿ ಸೊಪ್ಪು ಕೊಚ್ಚಿದೆ. ಹುಳುಗಳು ಎದ್ದು ಎಲೆಗೆ ಮುತ್ತಿಕೊಂಡವು.

ಕೊನೆಯ ಸಲ ಸಾಬರು ಬಂದಾಗ ತಿದಿ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಚಿಂತಾಮಣಿಯಲ್ಲಿದ್ದ ಮಗಳ ಮನೆಗೆ ಹೋಗಿ ಉಳಿಯುವವರಿದ್ದರು. ಮಜ್ಜಿಗೆ ಕುಡಿದು ಅತ್ತೆಯನ್ನು ಕೇಳಿದರು:

“ಆ ಕೋಳಿ ಹೆಂಗೈತಮ್ಮ?”

“ಯಾವಾಗ್ಲೋ ಸತ್ತೋಯ್ತು ಸಾಬರೇ. ಇನ್ನೂ ಇದ್ದಾತಾ?”

ನಾನು ಬಾಗಿಲಲ್ಲಿ ನಿಂತಿದ್ದೆ, ಪಾತ್ರೆ ಬಿಟ್ಟು ಎದ್ದು ಬಂದವಳು. ಸಾಬರು ನನ್ನ ಕೈಗಳಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದರು.

“ಅದಲ್ಲ ತಾಯಿ,” ಎಂದರು. “ಒದ್ದೆ ಕೈ ಕೋಳಿ.”