ಡ್ರೈವರ್ ಇಲ್ಲದ ಮೂರು ಲಾರಿ

ಅದಿರಿನ ಭರಾಟೆಯ ಕಾಲದಲ್ಲಿ ಹೊಸಪೇಟೆಯ ಒಂದು ಲಾರಿ ಆಫೀಸಿನಲ್ಲಿ ನಾನೂ ನನಗಿಂತ ಹಿರಿಯಳಾದ ಒಬ್ಬ ಅಕ್ಕನೂ ಕಂಪ್ಯೂಟರ್ ಕೆಲಸಕ್ಕಿದ್ದೆವು. ಯಾವ ಲಾರಿ ಯಾವ ಗಣಿಗೆ ಹೋಗಿದೆ ಎಂದು ಬ್ರೌಸರಿನಲ್ಲಿ ತೋರಿಸುವ ಪುಟ ನಮ್ಮದು. ಬೆಳಿಗ್ಗೆ ಒರೆಸಿದ ಕೀಬೋರ್ಡ್ ಮಧ್ಯಾಹ್ನಕ್ಕೆ ಅದಿರಿನ ಧೂಳಿಗೆ ಮತ್ತೆ ಕೆಂಪಾಗಿರುತ್ತಿತ್ತು.

ಅಕ್ಕ ಸಂಡೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ನಮ್ಮ ಪುಟ ಬರೆದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪಟ್ಟಿಗೆ ಹುಟ್ಟಿನಿಂದ ಬರುವ ವಿದ್ಯೆ ಅವಳಿಗೆ ಸಾಲದಾಯಿತು. ಎಲ್ಲ ಪಟ್ಟಿಗಳ ಮೂಲವಾದ ಪ್ರೋಟೋಟೈಪಿಗೇ ಮೂರು ಹೊಸ ಕೆಲಸ ಕಲಿಸಿದಳು: ಜರಡಿ, ಸಾಲು, ತೋರ್ಸು. ಬೇಕಾದ ಲಾರಿಗಳನ್ನು ಸೋಸುವುದು, ಹೊರಟ ಹೊತ್ತಿನಂತೆ ನಿಲ್ಲಿಸುವುದು, ಪರದೆಗೆ ತರುವುದು. ನಡುವೆ ಚುಕ್ಕಿ ಇಟ್ಟು ಪೋಣಿಸಿದರೆ ಮೂರೂ ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದವು.

"ಕೆಲಸ ಮುಗಿದ ಮ್ಯಾಲೆ ಪಟ್ಟಿ ವಾಪಸ್ ಕೊಡಬೇಕು ನೋಡೋ ತಮ್ಮಾ. ಇಲ್ಲಂದ್ರ ಮುಂದಿನವ್ರ ಕೈ ಖಾಲಿ," ಎಂದಳು.

"ಊರಿಗೊಂದು ದಾರಿಯಾದ್ರ ನಿನಗೊಂದು ದಾರಿ. ಮೂಲಕ್ಕ ಕೈ ಹಾಕಬ್ಯಾಡಕ್ಕಾ," ಎಂದು ನಾನು ಸಿಡುಕಿದೆ. ಅವಳು ನಕ್ಕಳು.

ಆಮೇಲೆ ಮಾಲೀಕರು ಹೊರಗಿನಿಂದ ನಕಾಶೆಯ ಪ್ರೋಗ್ರಾಂ ಕೊಂಡರು. ಅದು ಪಟ್ಟಿಯೊಳಗೆ ಸಿಕ್ಕಿದ್ದನ್ನೆಲ್ಲ ಎಣಿಸುವ ಜಾತಿಯದು. ಅಕ್ಕ ಕಲಿಸಿದ ಕೆಲಸಗಳನ್ನೂ ಲಾರಿಯೆಂದೇ ತಿಳಿಯಿತು. ಎಲ್ಲ ಪಟ್ಟಿಗಳ ಕೊನೆಗೂ ಜರಡಿ, ಸಾಲು, ತೋರ್ಸು ಎಂಬ ಮೂರು ಲಾರಿ, ಡ್ರೈವರ್ ಇಲ್ಲ.

"ನನ್ನ ಲಾರಿ ಅವು. ಧೂಳು ಎಬ್ಬಸಂಗಿಲ್ಲ, ಯಾರ ಮ್ಯಾಲೂ ಹಾಯಂಗಿಲ್ಲ. ಸೋಮವಾರ ತಗೀತೀನಿ ಬಿಡು," ಎಂದಳು.

ಸೋಮವಾರ ಅವಳು ಬರಲಿಲ್ಲ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದು ಅವಳ ಸ್ಕೂಟರಿಗೆ ಗುದ್ದಿ, ನಿಲ್ಲದೆ ಹೋಗಿತ್ತು. ಅಕ್ಕ ಅಲ್ಲೇ ತೀರಿಕೊಂಡಿದ್ದಳು. ಯಾರ ಲಾರಿಯೆಂದು ಗೊತ್ತಾಗಲೇ ಇಲ್ಲ.

ತಿಥಿಯಾದ ಮರುದಿನ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದರು. "ಆ ಮೂರು ಸುಳ್ಳು ಲಾರಿ ಜಲ್ದಿ ತಗದುಬಿಡ್ರಿ. ನೋಡಿದವ್ರು ನಗತಾರ."

ಮೈಯೆಲ್ಲ ಉರಿಯಿತು. ಆದರೆ ಸಂಬಳಕ್ಕಿರುವವನ ಬಾಯಿ ಎಷ್ಟು ತೆರೆದೀತು? ಅವಳು ಪೋಣಿಸಿದ್ದನ್ನೆಲ್ಲ ಬಿಚ್ಚಿ, ಅದೇ ಕೆಲಸವನ್ನು ಉದ್ದುದ್ದ ಬರೆದೆ. ಸಾಲು ಹೋಯಿತು, ತೋರ್ಸು ಹೋಯಿತು. ಜರಡಿ ಅಳಿಸಲು ಕೈ ಏಳಲೇ ಇಲ್ಲ. ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಅದನ್ನೂ ಅಳಿಸಿದೆ.

ಪುಟ ಮತ್ತೆ ತೆರೆದೆ. ಪಟ್ಟಿ ಸರಿಯಾಗಿತ್ತು. ಎಲ್ಲ ಲಾರಿಗೂ ಡ್ರೈವರ್ ಇದ್ದರು, ಎಲ್ಲವೂ ಅಕ್ಕ ಸತ್ತ ದಿನ ಸಂಡೂರು ರಸ್ತೆಯಲ್ಲೇ ಓಡಾಡಿದ್ದವು. "ಈಗ ನೋಡ್ರಿ, ಒಂದೂ ತಪ್ಪಿಲ್ಲ," ಎಂದರು ಮ್ಯಾನೇಜರ್.