ಹತ್ತಕ್ಕಿಂತ ಮೊದಲಿನ ಸಾಲು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಿಪ್ಪಾಣಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ ಮುಗಿಸಿ ಬಂದವನಿಗೆ ಸಿಕ್ಕ ಕೆಲಸ ಅದು. ಬಟ್ಟೆ ಅಂಗಡಿಯ ಮೇಲಿನ ಕೋಣೆ, ಮೂರು ಮಷಿನ್, ಒಂದು ಪ್ರಿಂಟರ್, ಚಪ್ಪಲಿ ಹೊರಗೆ ಬಿಡಬೇಕೆಂಬ ಬೋರ್ಡು. ರವಿವಾರ ಮಧ್ಯಾಹ್ನ ಕ್ಲಾಸ್ ಇರುತ್ತಿರಲಿಲ್ಲ, ಕೀಲಿ ನನ್ನ ಬಳಿ ಇರುತ್ತಿತ್ತು. ಆಗ ನಾವು ನಾಲ್ವರು ಅಲ್ಲಿ ಕೂತು ಆಟ ಆಡುತ್ತಿದ್ದೆವು.

ಆಟ ಪುಣೆಯಿಂದ ಬಂದದ್ದು. ನಮ್ಮಲ್ಲಿ ಒಬ್ಬನ ಮನೆಯವರಿಗೆ ತಂಬಾಕು ತುಂಬಿಡುವ ವಖಾರಿ ಇತ್ತು. ಅವನ ಮಾವನ ಮಗ ಪುಣೆಯ ಇಂಜಿನಿಯರಿಂಗ್ ಕಾಲೇಜಿನಿಂದ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ತಂದುಕೊಟ್ಟಿದ್ದ. ಒಬ್ಬ ಬಾಯಲ್ಲೇ ಒಂದು ಊರು ಕಟ್ಟಬೇಕು. ಉಳಿದವರು ಆ ಊರಿಗೆ ಬಂದ ಪ್ರಯಾಣಿಕರು. ಏನು ಮಾಡುತ್ತೇವೆಂದು ಅವರು ಹೇಳಬೇಕು, ಅದು ಆಯಿತೋ ಇಲ್ಲವೋ ಎಂದು ದಾಳ ಹೇಳಬೇಕು. ಊರಿನಲ್ಲಿ ಎದುರಾಗುವ ಪ್ರತಿಯೊಬ್ಬರ ಬಾಯಾಗಿ ಮಾತಾಡುವವನು ಆ ಊರು ಕಟ್ಟಿದವನೇ.

ಊರು ಕಟ್ಟುತ್ತಿದ್ದವನು ನನ್ನ ಗೆಳೆಯ. ಅವನ ತಾಯಿ ಮನೆಯಲ್ಲಿ ಬೀಡಿ ಸುತ್ತುತ್ತಿದ್ದಳು. ಬೆಳಿಗ್ಗೆ ಅವನು ತಗಡಿನ ಅಚ್ಚು ಇಟ್ಟು ಎಲೆ ಕತ್ತರಿಸಿಕೊಟ್ಟು ನಂತರ ಹೊರಗೆ ಬರುತ್ತಿದ್ದ. ಎಲೆ ಕತ್ತರಿಸುವಾಗಲೇ ಊರು ಹೊಳೆಯುತ್ತದೆ ಎನ್ನುತ್ತಿದ್ದ. ಅವನು ಮುದುಕಿಯಾದರೆ ಬೆನ್ನು ಬಾಗುತ್ತಿತ್ತು, ಫೌಜದಾರನಾದರೆ ಕುರ್ಚಿ ಕಿರ್ ಎನ್ನುತ್ತಿತ್ತು. ವಖಾರಿಯವನೂ, ಕಬ್ಬಿನ ಹೊಲವಿದ್ದ ಶಿರಗುಪ್ಪಿಯವನೂ ಅವನನ್ನು "ಬೀಡಿ ಮಾಸ್ತರ" ಎಂದು ಛೇಡಿಸುತ್ತಿದ್ದರು. ಆದರೆ ಅವನು ಬಾಯಿ ತೆರೆದರೆ ಚಹಾ ತಣ್ಣಗಾಗುವುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಒಂದು ರವಿವಾರ ನಾನು ಊರು ಕಟ್ಟಿದೆ. ಅವತ್ತು ಎಲ್ಲರೂ ಚಹಾ ಬಿಸಿ ಇರುವಾಗಲೇ ಕುಡಿದು ಮುಗಿಸಿದರು.

ಊರು ಕಟ್ಟಿಕೊಡುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಆ ರವಿವಾರವೇ ಕಾರಣವೆಂದು ಆಗ ನಾನು ಒಪ್ಪುತ್ತಿರಲಿಲ್ಲ. ಗೆಳೆಯನ ಶ್ರಮ ತಪ್ಪಲಿ ಎಂದು ಮಾಡಿದ್ದು ಎಂದೇ ನನ್ನ ಆಗಿನ ಡೈರಿಯಲ್ಲಿದೆ. ಕಸುಬಿನ ಒಂದು ಪಟ್ಟಿ, ಚಟಗಳ ಒಂದು, ಗುಟ್ಟುಗಳ ಒಂದು. ಕಂಪ್ಯೂಟರ್ ಪ್ರತಿಯೊಂದರಿಂದ ಕಣ್ಣುಮುಚ್ಚಿ ಒಂದೊಂದು ಎತ್ತಿ, ಜೋಡಿಸಿ, ಐದು ಜನರಿರುವ ಒಂದು ಊರನ್ನು ಹಾಳೆಯ ಮೇಲೆ ಅಚ್ಚು ಮಾಡುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಿದ್ದೆ. ಪ್ರೋಗ್ರಾಂ ಒಂದು ವಾರದ ಕೆಲಸ, ಪಟ್ಟಿ ತುಂಬಿಸುವುದು ಎರಡು ತಿಂಗಳಾಯಿತು. ನನ್ನ ತಲೆಯಿಂದ ಬಂದದ್ದೆಲ್ಲ ಸಪ್ಪೆಯಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನರ ಕೆಮ್ಮು, ಉಗುಳು, ಜಗಳಗಳನ್ನು ಬರೆದುಕೊಂಡ ಮೇಲೆ ಚಟಗಳ ಪಟ್ಟಿ ಸರಿಹೋಯಿತು. ಗುಟ್ಟುಗಳ ಪಟ್ಟಿ ಮಾತ್ರ ಬಡವಾಗಿತ್ತು. ಗೆಳೆಯನೇ ಹೇಳಿದ್ದ: "ಗುಟ್ಟ ಇಲ್ಲದ ಮನಷ್ಯಾ ಆಟಕ್ಕ ಬರಂಗಿಲ್ಲೋ. ಅಂವನ ಕೂಡ ಏನ ಮಾತಾಡತಿ?"

ಅವನ ಒಂದು ಗುಟ್ಟು ನನಗೆ ಗೊತ್ತಿತ್ತು. ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಅವನೇ ಹೇಳಿದ್ದು. ಅವನ ಅಪ್ಪ ಮುಂಬೈಯಲ್ಲಿ ಮಿಲ್ಲಿನ ಕೆಲಸಕ್ಕಿದ್ದಾನೆಂದು ಊರಿಗೆಲ್ಲ ಹೇಳಿದ್ದರು. ಮನುಷ್ಯ ಇದ್ದದ್ದು ಹತ್ತಿರದ ಕೊಗನೊಳ್ಳಿಯಲ್ಲಿ, ಬೇರೊಬ್ಬಳ ಜೊತೆ. ತಂಗಿಗೆ ಅಥಣಿಯ ಒಂದು ಮನೆತನದಿಂದ ಸಂಬಂಧ ಬಂದಿತ್ತು, ಮಾತು ಮುಗಿಯುವ ಹಂತದಲ್ಲಿತ್ತು. "ಲಗ್ನ ಆಗೂತನಾ ಇದು ಹೊರಗ ಬರಬಾರದು. ಬಂತಂದರ ಅವರು ಒಲ್ಲೆ ಅಂತಾರ. ಯಾರಿಗೂ ಹೇಳಬ್ಯಾಡ ದೋಸ್ತ." ನಾನು ಯಾರಿಗೂ ಹೇಳಲಿಲ್ಲ. ಟೈಪ್ ಮಾಡಿದೆ.

ಪ್ರೋಗ್ರಾಂ ಮೊದಲ ಸಲ ಆಟಕ್ಕೆ ಬಂದ ರವಿವಾರದ ನಿಯಮವೂ ನನ್ನದೇ. ಹಾಳೆಯನ್ನು ಮೊದಲು ನೋಡಬಾರದು, ಎಲ್ಲರಿಗೂ ಕೇಳುವಂತೆ ಪೂರ್ತಿ ಓದಿ, ಓದುತ್ತಲೇ ಊರು ಕಟ್ಟಬೇಕು. "ಮಷಿನ್ ದೊಡ್ಡದೋ ಮಾಸ್ತರ ದೊಡ್ಡಾಂವೋ ನೋಡೂಣು," ಎಂದ ಶಿರಗುಪ್ಪಿಯವನು. ಪ್ರಿಂಟರ್ ಕೂಗಿಕೊಂಡು ನಿಂತಿತು. ಗೆಳೆಯ ಹಾಳೆ ಹರಿದುಕೊಂಡು, ಗಂಟಲು ಸರಿಮಾಡಿ, ರಂಗದ ಮೇಲೆ ನಿಂತವನ ಹಾಗೆ ಶುರುಮಾಡಿದ. ಕುಂಬಾರ, ನಾಟಿ ವೈದ್ಯ, ಕಾವಲುಗಾರ. ನಾಲ್ಕನೆಯದು ಖಾನಾವಳಿ ನಡೆಸುವ ಹೆಂಗಸು. ಚಟ: ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಾಳೆ. ಗುಟ್ಟು: ಗಂಡ ದೂರದ ಪಟ್ಟಣದಲ್ಲಿದ್ದಾನೆಂದು ಹೇಳುತ್ತಾಳೆ, ಅವನು ಪಕ್ಕದ ಹಳ್ಳಿಯಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ. ಆದರೂ ಪ್ರತಿ ಕಾರ್ಯದಲ್ಲೂ ಅವನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾಳೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಅರಿಷಿಣ ಕುಂಕುಮದಲ್ಲಿ, ಲಗ್ನದಲ್ಲಿ ಎರಡು ಸಾಲು ಪದ್ಯದ ಒಳಗಿಟ್ಟು ಹೇಳುತ್ತಾರೆ. ಅದೇ ಒಡಪು.

ಅವನು ಕೊನೆಯ ಮಾತಿನವರೆಗೂ ಓದಿದ. ದನಿ ನಡುಗಿತು ಎಂದು ನನ್ನ ನೆನಪು, ಆದರೆ ಡೈರಿ ಹಾಗೆ ಹೇಳುವುದಿಲ್ಲ. "ಚೆನ್ನಾಗಿ ಓದಿದ" ಎಂದಿದೆ. ಉಳಿದಿಬ್ಬರು ಪ್ರಯಾಣಿಕರಾಗಿ ಖಾನಾವಳಿಯೊಳಗೆ ನುಗ್ಗಿದರು.

"ಅಕ್ಕಾರ, ರೊಟ್ಟಿ ಆಮ್ಯಾಲೆ ಹಾಕೀರಂತ. ಮೊದಲ ಒಡಪ ಹೇಳರಿ!" ಎಂದ ಶಿರಗುಪ್ಪಿಯವನು.

"ಅರೇ ಬಾಯಿ, ನಾವ್ ಘೇ ಕೀ!" ಎಂದು ವಖಾರಿಯವನು ಮರಾಠಿಯಲ್ಲಿ ಅದನ್ನೇ ಕೇಳಿ ಮೇಜು ಬಡಿದ.

"ಬ್ಯಾಡರ್ಯೋ, ಮುಂದ ಹೋಗೂಣು," ಎಂದ ಗೆಳೆಯ.

"ಯಾಕ ಮಾಸ್ತರ, ನಿಂದ್ರತೇನ ಗಾಡಿ? ಮಷಿನ್ ಗೆದ್ದತಿ ಅನ್ನು ಹಂಗಾರ," ಎಂದ ಶಿರಗುಪ್ಪಿಯವನು.

ಆಗ ಗೆಳೆಯ ನನ್ನ ಕಡೆ ನೋಡಿದ. ನಾನು ದಾಳ ಅವನ ಮುಂದೆ ಸರಿಸಿದೆ. ಅವನು ಅದನ್ನು ಮುಟ್ಟಲಿಲ್ಲ. ಸೆರಗು ಹೊದ್ದವನಂತೆ ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ:

"ಹತ್ತ ಬೆರಳಿಗಿ ಹೊಗಿಸೊಪ್ಪಿನ ವಾಸ,
—ರಾಯರ ಹೆಸರ ಹೇಳಾಕ ನನಗ್ಯಾಕ ತ್ರಾಸ."

ಗೆರೆ ಎಳೆದ ಜಾಗದಲ್ಲಿ ಒಂದು ಹೆಸರು ಬಂತು. ಅವನ ಅಪ್ಪನದು. ಬೇರೆ ಯಾವ ಹೆಸರನ್ನಾದರೂ ಹಾಕಬಹುದಿತ್ತು. ತಾಯಿಯ ಒಡಪು ಅವನ ಬಾಯಲ್ಲಿ ಆ ಹೆಸರಿಲ್ಲದೆ ಕೂಡಲಿಲ್ಲವೋ, ಬೇಕೆಂದೇ ಹೇಳಿದನೋ. ಮೂವತ್ತು ವರ್ಷ ಯೋಚಿಸಿದರೂ ನನಗೆ ತಿಳಿದಿಲ್ಲ. ವಖಾರಿಯವನು ನಕ್ಕ. ಶಿರಗುಪ್ಪಿಯವನು ನಗಲಿಲ್ಲ. ಅವನ ಅತ್ತೆಯನ್ನು ಅಥಣಿಗೆ ಕೊಟ್ಟಿದ್ದರು.

ಮರುದಿನ ಕ್ಲಾಸ್ ಶುರುವಾಗುವ ಮೊದಲೇ ಗೆಳೆಯ ಒಬ್ಬನೇ ಬಂದ. ಕಂಪ್ಯೂಟರ್ ಎತ್ತಿದ ಗುಟ್ಟು ಅದು, ನನ್ನ ಕೈಯಲ್ಲೇನಿದೆ ಎಂದು ನಾನು ಹೇಳಿದೆ. "ಚಾಲೂ ಮಾಡು," ಎಂದ. ಮಾಡಿದೆ. ತೆರೆಯ ಮೇಲೆ ಕುಂಬಾರ, ನಾಟಿ ವೈದ್ಯ, ಕಾವಲುಗಾರ, ಖಾನಾವಳಿಯ ಹೆಂಗಸು ಬಂದರು. ಅವನು ಮಷಿನ್ ಆರಿಸಿದ. ಮತ್ತೆ ಹಚ್ಚಿಸಿದ. ಅದೇ ಊರು. ಮೂರನೆಯ ಸಲವೂ ಅದೇ.

ಕಂಪ್ಯೂಟರಿಗೆ ತಾನಾಗಿ ಕಣ್ಣುಮುಚ್ಚಿ ಎತ್ತಲು ಬರುವುದಿಲ್ಲ. ಗಡಿಯಾರ ನೋಡಿ ಹೊಸ ಅಂಕಿಯಿಂದ ಎಣಿಸು ಎಂದು ಒಂದು ಸಾಲಿನಲ್ಲಿ ಹೇಳಬೇಕು. ಹೇಳದಿದ್ದರೆ ಪ್ರತಿ ಸಲ ಅದೇ ಅಂಕಿಗಳನ್ನು ಅದೇ ಕ್ರಮದಲ್ಲಿ ಕೊಡುತ್ತದೆ. ಆ ಸಾಲನ್ನು ನಾನು ಬರೆದಿರಲಿಲ್ಲ. ಹುಡುಗರಿಗೆ ಅದನ್ನು ಕಲಿಸುತ್ತಿದ್ದವನು ನಾನು.

"ದಿನಾ ಇದ ಬರತೈತಿ. ಅಂದರ ನೀ ಮೊದಲ ನೋಡಿದ್ದಿ," ಎಂದ. ದನಿ ಏರಲಿಲ್ಲ. "ನೋಡಿ ನನ್ನ ಕಡೆ ಓದಸಿದಿ."

ನಾನು ತೆರೆಯ ಮೇಲಿನ ಧೂಳು ಒರೆಸಿದೆ.

"ಒಂದ ಕೆಲಸ ಮಾಡು. ಅವರಿಬ್ಬರನ್ನ ಕರಸು. ಇದನ್ನ ತೋರಸು. 'ನಾನ ಬೇಕಂತ ಜೋಡಿಸಿದ್ದೆ, ಇವನ ಮ್ಯಾಲಿನ ಹೊಟ್ಟೆಕಿಚ್ಚಿಗೆ ಸುಳ್ಳ ಬರದಿದ್ದೆ' ಅನ್ನು. ಅಷ್ಟ ಅಂದರ ಶಿರಗುಪ್ಪ್ಯಾಂವ ಅಥಣಿಗೆ ಹೇಳಂಗಿಲ್ಲ. ನಮ್ಮ ತಂಗೀ ಸಲುವಾಗಿ, ಕೈ ಮುಗಿತೇನೋ."

ನಿಜವಾಗಿಯೂ ಕೈ ಮುಗಿದ. ಎಲೆ ಕತ್ತರಿಸಿ ತೋರುಬೆರಳಿನ ಬದಿ ಗಟ್ಟಿಯಾಗಿತ್ತು. ನಾನು "ಆತು, ಬುಧವಾರ ಸಂಜಿಮುಂದ" ಎಂದೆ.

ಬುಧವಾರ ಇಬ್ಬರೂ ಬಂದರು. ಗೆಳೆಯನೇ ಮಾತು ತೆಗೆದ: ಈ ಮಷಿನ್ ಯಾವಾಗ ಹಚ್ಚಿಸಿದರೂ ಅದೇ ಹಾಳೆ ಕೊಡುತ್ತದೆ, ಇವನು ಮೊದಲೇ ನೋಡಿ ಇಟ್ಟದ್ದು, ನೋಡಿರಿ. ನಾನು ಹಚ್ಚಿಸಿದೆ. ಗಾಣಿಗ, ಪೂಜಾರಿ, ಜೂಜುಕೋರ, ಇಬ್ಬರು ಅಣ್ಣತಮ್ಮಂದಿರು. ಗೆಳೆಯ ನನ್ನನ್ನು ಪಕ್ಕಕ್ಕೆ ತಳ್ಳಿ ಆರಿಸಿ ಹಚ್ಚಿಸಿದ. ಇನ್ನೊಂದು ಊರು. ಮತ್ತೆ. ಮತ್ತೊಂದು ಊರು. ಅವನು ಕೀಲಿಗಳನ್ನು ಕುಟ್ಟತೊಡಗಿದ.

"ಮಾಸ್ತರ, ಮಷಿನ್ ಮುರದೀ," ಎಂದು ವಖಾರಿಯವನು ನಗುತ್ತ ಅವನ ತೋಳು ಹಿಡಿದ.

ಶಿರಗುಪ್ಪಿಯವನು ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಕೇಳಿದ: "ಏನರೀ ಸರ, ಅದು ನೀವ ಬೇಕಂತ ಬರದದ್ದೇನು?"

"ಇಲ್ಲಪಾ. ಕಂಪ್ಯೂಟರ್ ಎತ್ತಿದ್ದು. ಏನೇನೋ ಎತ್ತತೈತಿ, ನೀನ ನೋಡಿದೆಲ್ಲ."

"ಸುಳ್ಳಿದ್ದರ ಇಂವಗ ಇಷ್ಟ್ಯಾಕ ಸಿಟ್ಟು ಹಂಗಾರ?" ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಅಥಣಿಯವರು ಎರಡೇ ವಾರದಲ್ಲಿ ಬೇಡವೆಂದರು. ಗೆಳೆಯ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಬಜಾರದಲ್ಲಿ ಎದುರಾದರೆ ನನ್ನನ್ನು ನೋಡದೆ ದಾಟುತ್ತಿರಲಿಲ್ಲ, ನೋಡಿಯೇ ದಾಟುತ್ತಿದ್ದ. ನಾವು ಮೂವರು ಇನ್ನೆರಡು ರವಿವಾರ ಕೂತೆವು. ಪ್ರೋಗ್ರಾಂ ರಾಶಿ ರಾಶಿ ಊರು ಕೊಡುತ್ತಿತ್ತು. ಅವುಗಳಲ್ಲಿ ಮಾತಾಡುವವರು ಯಾರೂ ಇರಲಿಲ್ಲ.

ಗಡಿಯಾರದ ಸಾಲನ್ನು ಯಾವಾಗ ಸೇರಿಸಿದೆ? ತಪ್ಪು ಗೊತ್ತಾದ ಸೋಮವಾರವೇ, ಮೇಷ್ಟರ ಅಭ್ಯಾಸಬಲದಿಂದ ತಿದ್ದಿರಬೇಕು, ಬುಧವಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಹೆಂಡತಿಗೂ ಹಾಗೇ ಹೇಳಿದ್ದೇನೆ. ಡೈರಿ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಆದರೆ ಡೈರಿಯೊಳಗೆ ಮಡಿಸಿಟ್ಟ ಎರಡು ಪ್ರಿಂಟುಗಳಿವೆ, ಪೂರ್ತಿ ಪ್ರೋಗ್ರಾಮಿನವು. ಮೇಲ್ಗಡೆ ನನ್ನ ಕೈಯಲ್ಲೇ ವಾರದ ಹೆಸರು ಬರೆದಿದೆ. ಆಗಿನ ಪ್ರೋಗ್ರಾಮಿನಲ್ಲಿ ಪ್ರತಿ ಸಾಲಿನ ಮುಂದೆ ಒಂದು ಸಂಖ್ಯೆ ಇರಬೇಕಿತ್ತು; ಮಂಗಳವಾರದ್ದು ಹತ್ತು, ಇಪ್ಪತ್ತು, ಮೂವತ್ತು ಎಂದು ಶುರುವಾಗುತ್ತದೆ. ಬುಧವಾರದ್ದರಲ್ಲಿ ಹತ್ತಕ್ಕಿಂತ ಮೊದಲು, ಐದು ಎಂಬ ಸಂಖ್ಯೆಯ ಎದುರು, ಒಂದು ಸಾಲು ಹೆಚ್ಚಿದೆ.