ಅರ್ಜಿಯ ಖಾಲಿ ಸಾಲು

ಪೆಟ್ರೋಲು ಸಿಗದ ಎರಡನೇ ಮಹಾಯುದ್ಧದ ಕಾಲ. ದುಂಡಸಿಯಿಂದ ಶಿಗ್ಗಾವಿಗೆ ಹೊರಟಿದ್ದ ಇದ್ದಿಲ ಗ್ಯಾಸಿನ ಮೋಟಾರು ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ನನ್ನ ಕೈಯಲ್ಲಿ ಕಾಲೇಜಿನ ಅರ್ಜಿ. ಅವತ್ತೇ ಟಪಾಲಿಗೆ ಹಾಕಬೇಕು. ಮುಖ್ಯ ವಿಷಯ ಅರ್ಥಶಾಸ್ತ್ರ ಎಂದು ಅಪ್ಪ ಬರೆಸಿದ್ದ. ಜೋಡಿಗೆ ಕನ್ನಡ ತಗೊಳ್ಳುತ್ತೇನೆ ಎಂದಿದ್ದಕ್ಕೆ, "ಅದರಿಂದ ನೌಕರಿ ಸಿಗತೈತೇನು?" ಎಂದು ರೇಗಿದ್ದ. ಹಾಗಾಗಿ ಎರಡನೇ ವಿಷಯದ ಸಾಲು ಖಾಲಿಯಿತ್ತು.

ಪಕ್ಕದಲ್ಲಿ ಕುಳಿತ ಮುದುಕಿ ಸೂಲಗಿತ್ತಿ. ಎಮ್ಮೆ ಈಯುವಾಗಲೂ ಅವಳನ್ನೇ ಕರೆಯುತ್ತಾರಂತೆ.

"ಎರಡೆರಡು ಕೆಲಸ ಯಾಕ ಬೇಕಿತ್ತು ಆಯಿ?" ನನ್ನ ಗುಂಗಿನಲ್ಲೇ ಕೇಳಿಬಿಟ್ಟೆ.

"ಎಮ್ಮಿ ಸೂಲಗಿತ್ತಿ ಅಂತ ಮಂದಿ ನಗ್ತಾರಪಾ," ಎಂದಳು. "ಆದ್ರ ಸಣ್ಣ ಸೊಸಿ ಅತ್ತಿ ಮುಂದ ತನ್ನ ನೋವು ಬಾಯಿಬಿಟ್ಟು ಹೇಳಂಗಿಲ್ಲ. ಎಮ್ಮಿ ನೋಡಾಕಂತ ನಾ ದನದ ಮನ್ಯಾಗ ಕುಂತಾಗ, ಬಿಸಿನೀರು ಕೊಡೋ ನೆವದಾಗ ಬಂದು ಮೆಲ್ಲಕ ಹೇಳ್ತಾಳ. ಎಷ್ಟೋ ಹುಡಿಗ್ಯಾರು ಹಂಗ ಉಳದಾರ."

ಮೋಟಾರು ಕೆಮ್ಮುತ್ತ ಹೊರಟಿತು. ಶಿಗ್ಗಾವಿಯ ಟಪಾಲು ಕಚೇರಿಯಲ್ಲಿ ಮಸಿ ಬೇಡಿ, ಖಾಲಿ ಸಾಲಿನಲ್ಲಿ 'ಕನ್ನಡ' ಎಂದು ಬರೆದೆ.

ಮುಂದೆ ನೌಕರಿಯ ಸಂದರ್ಶನದಲ್ಲಿ ಸಾಹೇಬರು ಕೇಳಿದ್ದು ಅದೊಂದನ್ನೇ: "ಅರ್ಥಶಾಸ್ತ್ರದ ಜೋಡಿ ಕನ್ನಡ ಯಾಕ್ರೀ?"

ಎಮ್ಮೆಯ ಹೆಸರು ಹೇಳಲು ಧೈರ್ಯವಾಗಲಿಲ್ಲ. "ಆಸಕ್ತಿ ಇತ್ರಿ," ಅಂದೆ.